ಯೆಜ್ದಿ ಕ್ರ್ಯಾಂಕ್‌ಕೇಸ್ ಸೀಳಿದೆ: ವೆಲ್ಡ್ ಮಾಡಿಸಲಾ, ಜೋಡಿಯನ್ನೇ ಬದಲಿಸಲಾ?

ಯೆಜ್ದಿ84_ಮೂಡಿಗೆರೆ
ಜೂನ್ 8, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಅಪ್ಪನ 1984ರ ಯೆಜ್ದಿ 250 ಬೈಕ್ ಈಗ ನನ್ನ ಹತ್ತಿರ ಇದೆ. ಕಳೆದ ಭಾನುವಾರ ಕೊಟ್ಟಿಗೆಹಾರಕ್ಕೆ ನೀರುದೋಸೆ ತಿನ್ನಲು ಹೋಗಿದ್ದೆ. ವಾಪಸ್ ಬರುವಾಗ ಬಣಕಲ್ ದಾಟಿದ ಮೇಲೆ ‘ಟಪ್’ ಅಂತ ಸದ್ದಾಯಿತು, ಹಿಂದಿನ ಚಕ್ರ ಲಾಕ್ ಆಯಿತು. ಮಳೆ ಬಿದ್ದ ರಸ್ತೆ. ಹತ್ತು ಮಾರು ಜಾರಿ ಬೇಲಿ ಪಕ್ಕ ನಿಂತೆ. ನನಗೆ ಏನೂ ಆಗಲಿಲ್ಲ, ಗಾಡಿಗೆ ಆಗಿದೆ.

ಚೈನ್ ತುಂಡಾಗಿ ಮುಂದಿನ ಸ್ಪ್ರಾಕೆಟ್ ಹತ್ತಿರ ಮುದ್ದೆಯಾಗಿ ಸಿಕ್ಕಿಕೊಂಡಿತ್ತು. ಬಿಚ್ಚಿ ನೋಡಿದರೆ ಕ್ರ್ಯಾಂಕ್‌ಕೇಸಿನಲ್ಲಿ (ಇಂಜಿನ್ನಿನ ಕೆಳಗಿನ ಪೆಟ್ಟಿಗೆ, ಎರಡು ಅರ್ಧ ಸೇರಿದ ಜೋಡಿ), ಸ್ಪ್ರಾಕೆಟ್ ಹಿಂದಿನ ಗೋಡೆಯಲ್ಲಿ, ಸುಮಾರು ಎರಡೂವರೆ ಇಂಚು ಬಿರುಕು. ಹೆಬ್ಬೆರಳ ಉಗುರಿನಷ್ಟು ಒಂದು ಚೂರು ಪೂರ್ತಿ ಕಿತ್ತು ಬಂದಿದೆ. ಅದು ಗ್ರೀಸು ಕೆಸರಿನ ಒಳಗೆ ಸಿಕ್ಕಿತು, ಎತ್ತಿಟ್ಟಿದ್ದೇನೆ. ಗೇರ್‌ಬಾಕ್ಸ್ ಆಯಿಲ್ ಎಲ್ಲ ರಸ್ತೆ ಪಾಲು.

ನಮ್ಮೂರ ಮೆಕ್ಯಾನಿಕ್ ‘ಇದನ್ನ ಗುಜರಿಗೆ ಹಾಕಿ, ಮೈಸೂರಲ್ಲಿ ಹಳೇ ಕೇಸ್ ಸಿಗುತ್ತೆ’ ಅಂದರು. ಇನ್ನೊಬ್ಬರು ‘ಗ್ಯಾಸ್ ವೆಲ್ಡಿಂಗ್ ಹಾಕಿಬಿಡ್ತೀನಿ, ಐನೂರು ಕೊಡಿ’ ಅಂದರು. ಜುಲೈ ಎರಡನೇ ಭಾನುವಾರ ಜಾವಾ ಯೆಜ್ದಿ ದಿನ, ಅಷ್ಟರೊಳಗೆ ಗಾಡಿ ಓಡಬೇಕು ಅಂತ ಆಸೆ. ಏನು ಮಾಡಲಿ?

ಕಳಸದಕಾಫಿ
ಜೂನ್ 8, ರಾತ್ರಿ 9:58

ಎಂ-ಸೀಲ್ ಮೆತ್ತಿ ಓಡಿಸಿ ಗುರುವೇ. ತಮಾಷೆ ಅಲ್ಲ. ನಮ್ಮ ತೋಟದ ಪಂಪ್ ಇಂಜಿನ್‌ನ ಸೈಡ್ ಕವರಿಗೆ ಅರಾಲ್ಡೈಟ್ ಹಚ್ಚಿ ಮೂರು ವರ್ಷ ಆಯಿತು, ಒಂದು ಹನಿ ಸೋರಿಲ್ಲ.

ಹಳೇಲೇತ್_ಹಾಸನ
ಜೂನ್ 8, ರಾತ್ರಿ 10:25

ಕವರ್ ಬೇರೆ, ಕೇಸ್ ಬೇರೆ. ಕವರಿನ ಕೆಲಸ ಎಣ್ಣೆ ಹಿಡಿದುಕೊಳ್ಳುವುದು ಅಷ್ಟೇ. ಕೇಸಿನ ಗೋಡೆ ಬೇರಿಂಗನ್ನು ಹೊತ್ತಿರುತ್ತದೆ, ಚೈನಿನ ಎಳೆತವನ್ನೂ ತಡೆಯುತ್ತದೆ. ಅಲ್ಲಿ ಅಂಟು ನಿಲ್ಲುವುದಿಲ್ಲ.

ಮೂಡಿಗೆರೆಯವರೇ, ವೆಲ್ಡಿಂಗ್ ಮಾತು ಆಮೇಲೆ. ಆ ಬಿರುಕು ಎಲ್ಲಿ ಶುರುವಾಗಿದೆ, ಎಲ್ಲಿ ನಿಂತಿದೆ? ಕಣ್ಣಿಗೆ ಕಾಣುವುದು ಎರಡೂವರೆ ಇಂಚು ಅಂದರೆ ನಿಜವಾಗಿ ಇನ್ನೂ ಮುಂದಕ್ಕೆ ಹೋಗಿರುತ್ತದೆ. ಗೇರ್‌ಬಾಕ್ಸ್ ಕೋಣೆಯಲ್ಲೇ ನಿಂತಿದ್ದರೆ ಬಚಾವ್. ಕ್ರ್ಯಾಂಕ್ ಕೋಣೆಗೆ ದಾಟಿದ್ದರೆ ಕಥೆ ಬೇರೆ.

ನಿಮ್ಮದು ಟೂ ಸ್ಟ್ರೋಕ್. ಪೆಟ್ರೋಲ್ ಗಾಳಿ ಮಿಶ್ರಣ ಮೊದಲು ಹೋಗುವುದೇ ಕ್ರ್ಯಾಂಕ್ ಕೋಣೆಗೆ. ಪಿಸ್ಟನ್ ಮೇಲೆ ಹೋದಾಗ ಅಲ್ಲಿ ಎಳೆತ, ಕೆಳಗೆ ಬಂದಾಗ ಒತ್ತಡ. ಕೂದಲೆಳೆಯಷ್ಟು ಸೀಳಿದ್ದರೂ ಕಳ್ಳಗಾಳಿ ಒಳಗೆ ಬರುತ್ತದೆ. ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಆಗ ಕೇಸಿನ ಜೊತೆ ಸಿಲಿಂಡರಿನ ಒಳಗೋಡೆಯೂ ಹೋಯಿತು.

ಪತ್ತೆ ಮಾಡುವುದು ಸುಲಭ. ಆ ಜಾಗವನ್ನು ಪೆಟ್ರೋಲಲ್ಲಿ ತೊಳೆದು ಒಣಗಿಸಿ. ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡಿ. ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕಿನ ಒಳಗೆ ಕೂತ ಎಣ್ಣೆ ಮೆಲ್ಲಗೆ ಹೊರಗೆ ಬಂದು ಸುಣ್ಣದ ಮೇಲೆ ಗೆರೆ ಎಳೆಯುತ್ತದೆ. ಕೆಂಪು ಬಣ್ಣದ ಡೈ ಸ್ಪ್ರೇ ಸಿಕ್ಕರೆ ಇನ್ನೂ ಸ್ಪಷ್ಟ. ಸೀಮೆಸುಣ್ಣ ಸಾಕು, ನಾನು ನಲವತ್ತು ವರ್ಷ ಅದರಲ್ಲೇ ಕಳೆದೆ.

ಇನ್ನೊಂದು. ಚೈನ್ ಯಾಕೆ ತುಂಡಾಯಿತು?

ಶಿರಾಡಿಸವಾರ
ಜೂನ್ 9, ಬೆಳಗ್ಗೆ 7:15

ಕೇಸ್ ಬದಲಿಸುವ ಮುಂಚೆ ಕಾಗದದ ಕಡೆ ನೋಡಿ. ಇಂಜಿನ್ ನಂಬರ್ ಕೆತ್ತಿರುವುದು ಕ್ರ್ಯಾಂಕ್‌ಕೇಸಿನ ಮೇಲೆ. ಎರಡು ಭಾಗಗಳಲ್ಲಿ ಬೇರಿಂಗ್ ಕೂರುವ ತೂತನ್ನು ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಬೋರ್ ಮಾಡಿರುತ್ತಾರೆ. ಒಂದನ್ನು ಬದಲಿಸಿದರೆ ಬೇರಿಂಗ್ ಸಾಲು ತಪ್ಪುತ್ತದೆ, ಹಾಗಾಗಿ ಜೋಡಿಯನ್ನೇ ಬದಲಿಸಬೇಕು. ಜೋಡಿ ಬದಲಿಸಿದರೆ ನಂಬರ್ ಬದಲಾಯಿತು. ನಂಬರ್ ಬದಲಾದರೆ ಆರ್‌ಸಿ ತಿದ್ದಿಸಬೇಕು. ಆ ಹಳೇ ಕೇಸ್ ಯಾವ ಗಾಡಿಯದ್ದು, ಅದರ ಕಾಗದ ಎಲ್ಲಿ ಅಂತ ಕೇಳುತ್ತಾರೆ. 15 ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಇದ್ದೇ ಇದೆ. ಪ್ರತಿ ಸಲವೂ ನಂಬರ್ ತಾಳೆ ನೋಡುತ್ತಾರೆ. ಗುಜರಿ ಕೇಸ್ ಹಾಕಿ ಸುಮ್ನೆ ಓಡಿಸಿಕೊಂಡು ಇರೋಣ ಅಂದರೆ ಒಂದು ದಿನ ಸಿಕ್ಕಿಬೀಳುತ್ತೀರಿ.

ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. 2022ರಲ್ಲಿ ಯೆಜ್ದಿ ಹೆಸರಿನ ಗಾಡಿಗಳು ಮತ್ತೆ ಬಂದವು ನಿಜ. ಆದರೆ ಅವು ಫೋರ್ ಸ್ಟ್ರೋಕ್, ನಮ್ಮ ಇಂಜಿನ್ನಿಗೂ ಅವಕ್ಕೂ ಸಂಬಂಧ ಇಲ್ಲ. ಉಳಿಸಿಕೊಳ್ಳಲು ಆಗುವುದಾದರೆ ಉಳಿಸಿಕೊಳ್ಳಿ.

ಯೆಜ್ದಿ84_ಮೂಡಿಗೆರೆ
ಜೂನ್ 9, ರಾತ್ರಿ 8:50

ಸೀಮೆಸುಣ್ಣ ಪರೀಕ್ಷೆ ಮಾಡಿದೆ. ಹಳೇಲೇತ್ ಅವರೇ, ನೀವು ಹೇಳಿದ್ದೇ ನಿಜ. ಕಣ್ಣಿಗೆ ಕಂಡದ್ದು ಎರಡೂವರೆ ಇಂಚು, ಗೆರೆ ಬಂದದ್ದು ಹತ್ತಿರ ಹತ್ತಿರ ನಾಲ್ಕು. ಒಂದು ಬಾಲ ಕೆಳಗೆ ಇಂಜಿನ್ನನ್ನು ಫ್ರೇಮಿಗೆ ಹಿಡಿಯುವ ಮೌಂಟಿಂಗ್ ಬೋಲ್ಟ್ ಕಡೆ ಹೋಗಿದೆ, ಇನ್ನೊಂದು ಮುಂದಕ್ಕೆ ಕ್ರ್ಯಾಂಕ್ ಕೋಣೆಯ ಕಡೆ. ಕ್ರ್ಯಾಂಕ್ ಗೋಡೆಗೆ ಒಂದು ಬೆರಳಿನಷ್ಟು ದೂರದಲ್ಲಿ ನಿಂತಿದೆ ಅಂತ ಕಾಣುತ್ತದೆ. ಕ್ರ್ಯಾಂಕ್ ಕೋಣೆಯ ಒಳಗಡೆಯಿಂದಲೂ ಸುಣ್ಣ ಉಜ್ಜಿ ನೋಡಿದೆ, ಅಲ್ಲಿ ಏನೂ ಬರಲಿಲ್ಲ.

ಅಮ್ಮ ಬಂದು ನೋಡಿ ‘ಇಂಜಿನ್ನಿಗೆ ರಂಗೋಲಿ ಹಾಕ್ತಿದ್ದೀಯಾ’ ಅಂದರು.

ಹಳೇಲೇತ್_ಹಾಸನ
ಜೂನ್ 9, ರಾತ್ರಿ 9:05

ಬಚಾವ್. ನಾಳೆಯೇ ಎರಡೂ ಬಾಲದ ತುದಿಗೆ 3 ಮಿ.ಮೀ. ಡ್ರಿಲ್ ಹಾಕಿ. ಗೆರೆ ನಿಂತ ಜಾಗದಿಂದ ಒಂದೆರಡು ಮಿ.ಮೀ. ಮುಂದೆ ಹಾಕಿ. ದುಂಡು ತೂತಿನ ಅಂಚಿನಲ್ಲಿ ಒತ್ತಡ ಹರಡಿಕೊಳ್ಳುತ್ತದೆ, ಸೀಳು ಮುಂದೆ ಓಡುವುದಿಲ್ಲ. ಇಲ್ಲದಿದ್ದರೆ ವೆಲ್ಡಿಂಗ್ ಬಿಸಿಗೆ ಆ ಒಂದು ಬೆರಳು ಜಾಗವನ್ನೂ ದಾಟಿಬಿಡುತ್ತದೆ.

ಗ್ಯಾಸ್‌ಬೆಸುಗೆ_ಅರಸೀಕೆರೆ
ಜೂನ್ 9, ರಾತ್ರಿ 9:47

ಗ್ಯಾಸ್ ವೆಲ್ಡಿಂಗ್ ಅಂದ ತಕ್ಷಣ ಎಲ್ಲರೂ ಮೂಗು ಮುರಿಯುತ್ತೀರಿ. ನಾವು ಹಿಂದೆ ಹಾಲಿನ ಕ್ಯಾನಿನಿಂದ ಹಿಡಿದು ಗೇರ್‌ಬಾಕ್ಸ್ ತನಕ ಆಕ್ಸಿ ಅಸಿಟಿಲೀನ್‌ನಲ್ಲೇ ಮಾಡಿದ್ದೇವೆ. ಫ್ಲಕ್ಸ್ (ಲೋಹದ ಮೇಲಿನ ಪೊರೆ ತೆಗೆಯುವ ಪುಡಿ) ಒಳ್ಳೆಯದಿರಬೇಕು, ಕೈ ಪಳಗಿರಬೇಕು. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗಾಗಿ ‘ಈಗ ಕರಗ್ತೀನಿ’ ಅಂತ ಹೇಳುವುದಿಲ್ಲ. ಬೆಳ್ಳಗೆ ಕೂತಿರುತ್ತದೆ, ಒಂದೇ ಕ್ಷಣದಲ್ಲಿ ಕುಸಿದು ಕೆಳಗೆ ಬೀಳುತ್ತದೆ. ಕಣ್ಣು ಮಿಟುಕಿಸಿದರೆ ಕೇಸ್ ಹೋಯಿತು.

ಆದರೂ ನಿಜ ಹೇಳಬೇಕಲ್ಲ. ನಿಮ್ಮ ಕೇಸಿಗೆ ನಾನು ಗ್ಯಾಸ್ ಹೇಳುವುದಿಲ್ಲ. ಗ್ಯಾಸಿನಲ್ಲಿ ಬಿಸಿ ತುಂಬಾ ಅಗಲ ಹರಡುತ್ತದೆ, ಬೇರಿಂಗ್ ಕೂರುವ ಜಾಗ ಸೊಟ್ಟ ಆಗುತ್ತದೆ. ಆ ಫ್ಲಕ್ಸನ್ನು ಬಿಸಿನೀರಲ್ಲಿ ಪೂರ್ತಿ ತೊಳೆಯದಿದ್ದರೆ ಆರು ತಿಂಗಳಲ್ಲಿ ಬೆಸುಗೆ ಪಕ್ಕದಲ್ಲೇ ಬಿಳಿ ಪುಡಿ ಎದ್ದು ತಿನ್ನುತ್ತಾ ಹೋಗುತ್ತದೆ. ಐನೂರಕ್ಕೆ ಮಾಡ್ತೀನಿ ಅಂದವರು ತೊಳೆದು ಕೊಡುತ್ತಾರಾ ಕೇಳಿ ನೋಡಿ.

ಟಿಗ್‌ಟಾರ್ಚ್
ಜೂನ್ 10, ಬೆಳಗ್ಗೆ 6:30

ಅರಸೀಕೆರೆ ಅಣ್ಣ ಹೇಳಿದ್ದು ಸರಿ. ನಾನು ಹಾಸನದಲ್ಲಿ ಟಿಗ್ (ಆರ್ಗಾನ್ ಅನಿಲದ ಮರೆಯಲ್ಲಿ ಕರೆಂಟಿನ ಕಿಡಿಯಿಂದ ಮಾಡುವ ವೆಲ್ಡಿಂಗ್) ಮಾಡುತ್ತೇನೆ, ಹೆಚ್ಚಾಗಿ ಡೈರಿ ಪೈಪು ಮತ್ತು ಕಾಫಿ ಪಲ್ಪರ್ ರಿಪೇರಿ. ಅಲ್ಯೂಮಿನಿಯಂನ ಕಷ್ಟ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಸಿಲಿಕಾನ್ ಬೆರೆತ ಎರಕ ಅದಕ್ಕಿಂತ ಇನ್ನೂ ಕಡಿಮೆಗೆ. ಆದರೆ ಮೇಲೆ ಹಾಲಿನ ಕೆನೆಯ ಹಾಗೆ ಒಂದು ಆಕ್ಸೈಡ್ ಪೊರೆ ಇರುತ್ತದೆ. ಅದು ಕರಗಲು 2,000 ಡಿಗ್ರಿಗಿಂತ ಜಾಸ್ತಿ ಬೇಕು. ಒಳಗೆ ಲೋಹ ನೀರಾಗಿರುತ್ತದೆ, ಮೇಲಿನ ಪೊರೆ ಗಟ್ಟಿಯಾಗೇ ಇರುತ್ತದೆ. ಎರಡು ದಡ ಸೇರುವುದಿಲ್ಲ. ಅದಕ್ಕೇ ಎಸಿ ಟಿಗ್ ಬೇಕು. ಕರೆಂಟು ಒಂದು ದಿಕ್ಕಲ್ಲಿ ಹರಿದಾಗ ಪೊರೆ ಒಡೆಯುತ್ತದೆ, ಇನ್ನೊಂದು ದಿಕ್ಕಲ್ಲಿ ಲೋಹಕ್ಕೆ ಬಿಸಿ ಹೋಗುತ್ತದೆ. ಪೇಟೆಯಲ್ಲಿ ಗೇಟು ಗ್ರಿಲ್ ಮಾಡುವವರ ಹತ್ತಿರ ಇರುವ ಟಿಗ್ ಹೆಚ್ಚಾಗಿ ಡಿಸಿ ಮಾತ್ರ. ‘ಟಿಗ್ ಇದೆಯಾ’ ಅಂತ ಕೇಳಬೇಡಿ, ‘ಎಸಿ ಇದೆಯಾ’ ಅಂತ ಕೇಳಿ.

ಸಂದು ತುಂಬುವ ಫಿಲ್ಲರ್ ಕಡ್ಡಿ 4043 ನಂಬರಿನದ್ದು ಇರಲಿ. ಅದರಲ್ಲಿ ಸುಮಾರು 5% ಸಿಲಿಕಾನ್ ಇದೆ, ಎರಕದ ಜೊತೆ ಚೆನ್ನಾಗಿ ಬೆರೆಯುತ್ತದೆ, ತಣ್ಣಗಾಗುವಾಗ ಸೀಳುವುದು ಕಡಿಮೆ. ಕೆಲವರು ಗಟ್ಟಿ ಅಂತ 5356 ಹಾಕುತ್ತಾರೆ. ಅದರಲ್ಲಿ 5% ಮೆಗ್ನೀಸಿಯಂ. ಸಿಲಿಕಾನ್ ಎರಕಕ್ಕೆ ಅದು ಹೊಂದುವುದಿಲ್ಲ, ಬೆಸುಗೆ ಪೆಡಸಾಗುತ್ತದೆ. 65 ಡಿಗ್ರಿಗಿಂತ ಮೇಲೆ ದಿನಾ ಕೆಲಸ ಮಾಡುವ ಜಾಗಕ್ಕೆ ಅದನ್ನು ಹಾಕಲೂಬಾರದು. ಇಂಜಿನ್ ಅಂದಮೇಲೆ ಬಿಸಿ ಇದ್ದೇ ಇರುತ್ತದಲ್ವಾ.

ಇಷ್ಟೆಲ್ಲ ಇದ್ದರೂ ಕೆಲಸ ಕೆಡುವುದು ಎಣ್ಣೆಯಿಂದ. ನಲವತ್ತು ವರ್ಷ ಎಣ್ಣೆ ಕುಡಿದ ಎರಕ ಅದು. ಮೇಲೆ ಎಷ್ಟು ಉಜ್ಜಿದರೂ ಟಾರ್ಚ್ ಇಟ್ಟ ತಕ್ಷಣ ಒಳಗಿಂದ ಕಪ್ಪಗೆ ಕಕ್ಕುತ್ತದೆ. ಎಣ್ಣೆ ಮತ್ತು ತೇವದಿಂದ ಹೈಡ್ರೋಜನ್ ಬರುತ್ತದೆ. ಕರಗಿದ ಅಲ್ಯೂಮಿನಿಯಂ ಅದನ್ನು ಹೀರುತ್ತದೆ, ಗಟ್ಟಿಯಾಗುವಾಗ ಹೊರಗೆ ತಳ್ಳುತ್ತದೆ. ಹೊರಗೆ ಹೋಗಲಾಗದೆ ಉಳಿದದ್ದೆಲ್ಲ ಸೂಜಿ ತೂತು. ಈಗ ಮುಂಗಾರು ಬೇರೆ. ಕಡ್ಡಿಯ ಮೇಲೂ ತೇವ, ಕೇಸಿನ ಮೇಲೂ ತೇವ.

ಹೊಸಬ_ಆಲೂರು
ಜೂನ್ 10, ಬೆಳಗ್ಗೆ 10:20

ಎಣ್ಣೆ ತೆಗೆಯಲು ಕಾಸ್ಟಿಕ್ ಸೋಡಾದಲ್ಲಿ ಒಂದು ರಾತ್ರಿ ನೆನೆಹಾಕಿದರೆ ಆಗಲ್ವಾ? ನಮ್ಮ ಮನೆಯಲ್ಲಿ ಕಬ್ಬಿಣದ ಬಾಣಲೆಗೆ ಹಾಗೇ ಮಾಡುತ್ತಾರೆ.

ಮೆಕ್ಯಾನಿಕಲ್‌ಮೇಷ್ಟ್ರು
ಜೂನ್ 10, ಬೆಳಗ್ಗೆ 10:31

ದಯವಿಟ್ಟು ಬೇಡ! ಕಾಸ್ಟಿಕ್ ಕಬ್ಬಿಣವನ್ನು ಬಿಡುತ್ತದೆ, ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ನೊರೆ ಎದ್ದು ಹೈಡ್ರೋಜನ್ ಬರುತ್ತದೆ, ಬೆಂಕಿ ಹತ್ತುವ ಅನಿಲ. ಬೆಳಗ್ಗೆ ಎದ್ದು ನೋಡಿದರೆ ಬೇರಿಂಗ್ ಕೂರುವ ಜಾಗ ಸಡಿಲವಾಗಿರುತ್ತದೆ.

ಪೆಟ್ರೋಲ್ ಅಥವಾ ಸೀಮೆಎಣ್ಣೆಯಲ್ಲಿ ತೊಳೆಯಿರಿ, ಸೋಪುನೀರು, ಬಿಸಿನೀರು, ಕೊನೆಗೆ ಅಸಿಟೋನ್. ಪೆಟ್ರೋಲಿನ ವಾಸನೆ ಪೂರ್ತಿ ಹೋದ ಮೇಲೆ ಕೇಸನ್ನು 150 ಡಿಗ್ರಿ ತನಕ ನಿಧಾನಕ್ಕೆ ಬಿಸಿ ಮಾಡಿ ಒಂದು ಗಂಟೆ ಬಿಡಿ. ಬಿರುಕಿನಿಂದ ಎಣ್ಣೆ ಬೆವರುತ್ತದೆ. ಒರೆಸಿ, ಮತ್ತೆ ಬಿಸಿ ಮಾಡಿ. ಬೆವರುವುದು ನಿಲ್ಲುವ ತನಕ ಇದೇ ಕೆಲಸ.

ಬಿಸಿ ಮಾಡಿದಾಗ ಬೇರಿಂಗ್ ತಾನಾಗಿ ಸಡಿಲವಾಗುತ್ತದೆ, ಸುತ್ತಿಗೆ ಬೇಡ. ಒಂದು ಲೆಕ್ಕ ನೋಡಿ. ಬೇರಿಂಗ್ ಕೂರುವ ತೂತು, ಅಂದರೆ ಬೋರ್, 62 ಮಿ.ಮೀ. ಇದೆ ಅಂದುಕೊಳ್ಳೋಣ, 100 ಡಿಗ್ರಿ ಬಿಸಿ ಏರಿದರೆ ಅಲ್ಯೂಮಿನಿಯಂ ಬೋರ್ 0.14 ಮಿ.ಮೀ. ಹಿಗ್ಗುತ್ತದೆ. ಒಳಗಿನ ಉಕ್ಕಿನ ಬೇರಿಂಗ್ ಅದರ ಅರ್ಧ ಮಾತ್ರ. ಉಳಿದ 0.07 ಮಿ.ಮೀ. ಸಂದಿನಲ್ಲಿ ಬೇರಿಂಗ್ ತಾನೇ ಕೆಳಗೆ ಬೀಳುತ್ತದೆ.

ಇದೇ ಲೆಕ್ಕ ವೆಲ್ಡಿಂಗಿನಲ್ಲಿ ಶತ್ರು. ಒಂದು ಮೂಲೆ ಮಾತ್ರ ಕಾದರೆ ಅದು ಹಿಗ್ಗಲು ನೋಡುತ್ತದೆ, ತಣ್ಣಗಿರುವ ಉಳಿದ ಭಾಗ ಬಿಡುವುದಿಲ್ಲ. ಆರುವಾಗ ಹೊಸ ಬಿರುಕು. ಇಡೀ ಕೇಸನ್ನು ಮೊದಲೇ ಬಿಸಿ ಮಾಡಿಕೊಳ್ಳುವುದು ಇದಕ್ಕೇ.

ಕಳಸದಕಾಫಿ
ಜೂನ್ 10, ಮಧ್ಯಾಹ್ನ 1:12

ಈ ಮಾತಿನ ನಡುವೆ ನನ್ನ ಒಂದು ಅನುಭವ. ಹೋದ ವರ್ಷ ನಮ್ಮ ಚೈನ್‌ಸಾ ಕ್ರ್ಯಾಂಕ್‌ಕೇಸ್ ಒಡೆದಿತ್ತು. ಅದೂ ಬೆಳ್ಳಗೇ ಇದೆ, ಅಲ್ಯೂಮಿನಿಯಂ ಅಂದುಕೊಂಡು ಗ್ರೈಂಡರ್ ಹಿಡಿದೆವು. ಕೆಳಗೆ ಬಿದ್ದ ಪುಡಿಗೆ ಕಿಡಿ ತಾಗಿ ಬಿಳಿ ಬೆಂಕಿ. ದೀಪಾವಳಿ ಹೂಕುಂಡ ಹಚ್ಚಿದ ಹಾಗೆ. ಆಳು ನೀರು ತರಲು ಓಡಿದ, ಪುಣ್ಯಕ್ಕೆ ಕೊಳಾಯಿ ದೂರ ಇತ್ತು.

ಟಿಗ್‌ಟಾರ್ಚ್
ಜೂನ್ 10, ಮಧ್ಯಾಹ್ನ 1:40

ಅಬ್ಬಾ. ಅದು ಮೆಗ್ನೀಸಿಯಂ. ಹೆಚ್ಚಿನ ಚೈನ್‌ಸಾ ಕೇಸುಗಳು ಮೆಗ್ನೀಸಿಯಂ ಎರಕವೇ, ಹಗುರ ಇರಲಿ ಅಂತ. ಅದಕ್ಕೆ ನೀರು ಹಾಕಿದರೆ ಬೆಂಕಿ ಇನ್ನೂ ಎಗರುತ್ತದೆ. ಒಣ ಮರಳು ಸುರಿಯಬೇಕು. ನನಗೆ ಅನುಮಾನ ಬಂದರೆ ಒಂದು ಜಾಗ ಕೆರೆದು ವಿನಿಗರ್ ಹನಿ ಬಿಡುತ್ತೇನೆ. ಮೆಗ್ನೀಸಿಯಂ ಆದರೆ ಗುಳ್ಳೆ ಏಳುತ್ತದೆ, ಅಲ್ಯೂಮಿನಿಯಂ ಸುಮ್ಮನಿರುತ್ತದೆ. ಯೆಜ್ದಿ ಕೇಸ್ ಅಲ್ಯೂಮಿನಿಯಂ, ಅದರ ಚಿಂತೆ ಬೇಡ.

ಗ್ರೈಂಡರ್ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಬಿರುಕನ್ನು ವಿ ಆಕಾರಕ್ಕೆ ತೆಗೆಯಲು ಸಾಣೆ ಚಕ್ರ ಬೇಡ. ಅದರ ಪುಡಿ ಮೆತ್ತನೆಯ ಲೋಹದಲ್ಲಿ ಹೂತುಕೊಳ್ಳುತ್ತದೆ. ಕಾರ್ಬೈಡ್ ಬರ್ (ತಿರುಗುತ್ತಾ ಲೋಹ ಕೆರೆಯುವ ಹಲ್ಲಿನ ಕಡ್ಡಿ) ಬಳಸಿ. ಬ್ರಷ್ ಸ್ಟೇನ್‌ಲೆಸ್ ಇರಲಿ, ಹೊಸದೇ ಇರಲಿ, ಕಬ್ಬಿಣಕ್ಕೆ ಉಜ್ಜಿದ್ದನ್ನು ತರಬೇಡಿ.

ಬಾಣಾವರ_ಬೈಕ್
ಜೂನ್ 10, ಸಂಜೆ 6:05

ಆನ್‌ಲೈನಲ್ಲಿ ಅಲ್ಯೂಮಿನಿಯಂ ಬ್ರೇಜಿಂಗ್ ಕಡ್ಡಿ ಸಿಗುತ್ತಲ್ಲ, ಬರೀ ಗ್ಯಾಸ್ ಟಾರ್ಚಲ್ಲಿ ಕರಗುತ್ತೆ? ವೀಡಿಯೊದಲ್ಲಿ ಕೋಲಾ ಡಬ್ಬಿಯ ತೂತು ಮುಚ್ಚಿ ತೋರಿಸುತ್ತಾರೆ.

ಹಳೇಲೇತ್_ಹಾಸನ
ಜೂನ್ 10, ಸಂಜೆ 6:30

ಸತು ಬೆರೆತ ಕಡ್ಡಿ ಅದು, 400 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. ಕೂಲಿಂಗ್ ಫಿನ್ ಮುರಿದದ್ದಕ್ಕೆ, ಕವರಿಗೆ ಹಾಕಿ. ಇಡೀ ಕೇಸನ್ನು 400ಕ್ಕೆ ಏರಿಸಿದರೆ ಎರಕದ ಬಿಗಿಯೇ ಹೋಗುತ್ತದೆ. ಆಮೇಲೆ ಅದರ ಮೇಲೆ ಯಾರೂ ಟಿಗ್ ಹಾಕಲೂ ಆಗುವುದಿಲ್ಲ, ಸತು ಕುದಿದು ಹೊಗೆ ಆಗುತ್ತದೆ. ಇಂತಹ ಕಡ್ಡಿ ಮೆತ್ತಿದ ಕೇಸುಗಳನ್ನು ಹಿಡಿದುಕೊಂಡು ಬಂದವರಿಗೆ ಮುಖ ಕೊಡಲಾಗದೆ ವಾಪಸ್ ಕಳಿಸಿದ್ದೇನೆ.

ಯೆಜ್ದಿ84_ಮೂಡಿಗೆರೆ
ಜೂನ್ 16, ರಾತ್ರಿ 9:20

ಒಂದು ವಾರ ಬೇರೇನೂ ಮಾಡಲಿಲ್ಲ, ತೊಳೆದದ್ದೇ. ನಾಲ್ಕು ಲೀಟರ್ ಪೆಟ್ರೋಲ್ ಹೋಯಿತು. ಆಮೇಲೆ ಬಿಸಿ ಮಾಡುವುದು ಎಲ್ಲಿ ಅನ್ನೋದು ಪ್ರಶ್ನೆಯಾಯಿತು. ಅಡುಗೆಮನೆ ಓವನ್ ಮುಟ್ಟಲು ಅಮ್ಮ ಬಿಡಲಿಲ್ಲ. ಕೊನೆಗೆ ಬಚ್ಚಲ ಒಲೆಯ ಹಂಡೆ ಇಳಿಸಿ, ಕೆಂಡದ ಮೇಲೆ ದಪ್ಪ ಕಬ್ಬಿಣದ ತಗಡು ಇಟ್ಟು, ಅದರ ಮೇಲೆ ಕೇಸ್ ಇಟ್ಟೆ. ಮೇಲೊಂದು ಹಳೇ ಡಬ್ಬ ಬೋರಲು ಹಾಕಿದೆ. ಅಡಿಕೆ ಒಣಗಿಸುವವರ ಹತ್ತಿರ ಇದ್ದ ಥರ್ಮಾಮೀಟರ್ ಗನ್ ತಂದು ನೋಡುತ್ತಾ ಕೂತೆ.

ಮೊದಲ ಸಲ ಬಿರುಕಿನಿಂದ ಕಪ್ಪು ಹನಿ ಇಳಿಯಿತು, ಕಾಫಿ ಡಿಕಾಕ್ಷನ್ ಹಾಗೆ. ಎರಡನೇ ಸಲ ಜೇನಿನ ಬಣ್ಣ. ಐದನೇ ಸಲಕ್ಕೆ ಬರೀ ಹಬೆ. ಮನೆಯವರಿಗೆ ಐದು ದಿನ ಸ್ನಾನದ ನೀರು ಗ್ಯಾಸಿನ ಮೇಲೆ.

ಬೇರಿಂಗ್ ಮೇಷ್ಟ್ರು ಹೇಳಿದ ಹಾಗೇ ಬಿದ್ದವು. ಗುರುವಾರ ಹಾಸನಕ್ಕೆ ತರುತ್ತಿದ್ದೇನೆ. ಟಿಗ್‌ಟಾರ್ಚ್ ಅವರು ಒಪ್ಪಿದ್ದಾರೆ. ಒಂದು ಪ್ರಶ್ನೆ: ಕಿತ್ತು ಬಂದ ಚೂರನ್ನೇ ಕೂರಿಸುವುದಾ, ಹೊಸ ತುಂಡು ಹಾಕುವುದಾ?

ಟಿಗ್‌ಟಾರ್ಚ್
ಜೂನ್ 16, ರಾತ್ರಿ 9:45

ಚೂರನ್ನೇ ತನ್ನಿ. ಅದೇ ಎರಕ, ಅದೇ ದಪ್ಪ. ಅಂಗಡಿಯ ಪ್ಲೇಟು ಯಾವ ಮಿಶ್ರಲೋಹವೋ ಯಾರಿಗೆ ಗೊತ್ತು. ಕೇಸಿನ ಇನ್ನೊಂದು ಅರ್ಧವನ್ನೂ ತನ್ನಿ, ಅದನ್ನೂ ಇಷ್ಟೇ ಚೆನ್ನಾಗಿ ತೊಳೆದು. ಹಳೇ ಬೇರಿಂಗ್‌ಗಳನ್ನು ಎಸೆಯಬೇಡಿ, ಅವೂ ಬೇಕು. ಆಯಿಲ್ ಸೀಲ್ ಎಲ್ಲ ತೆಗೆದಿರಿ.

ಶಿರಾಡಿಸವಾರ
ಜೂನ್ 16, ರಾತ್ರಿ 10:10

ಹಳೇ ಬೇರಿಂಗ್ ಯಾಕೆ?

ಹಳೇಲೇತ್_ಹಾಸನ
ಜೂನ್ 16, ರಾತ್ರಿ 10:22

ಬೋರಿಗೆ ಊರುಗೋಲು. ಬೇರಿಂಗ್ ಒಳಗೆ ಕೂತಿದ್ದರೆ ಬೋರ್ ಮೊಟ್ಟೆ ಆಕಾರಕ್ಕೆ ಹೋಗುವುದು ಕಡಿಮೆ. ಎರಡು ಅರ್ಧ ಸೇರಿಸಿ ಬೋಲ್ಟ್ ಹಾಕಿದರೆ ಜೋಡುವ ಮುಖ ಸೊಟ್ಟ ಆಗುವುದೂ ತಪ್ಪುತ್ತದೆ. ಆ ಬೇರಿಂಗ್ ಆಮೇಲೆ ಗುಜರಿಗೆ, ಇಂಜಿನ್ನಿಗೆ ಹೊಸದೇ ಹಾಕಬೇಕು. ಗುರುವಾರ ನಾನೂ ಬರುತ್ತೇನೆ, ಮನೆಯಲ್ಲಿ ಕೂತು ಬೇಜಾರಾಗಿದೆ.

ಯೆಜ್ದಿ84_ಮೂಡಿಗೆರೆ
ಜೂನ್ 19, ರಾತ್ರಿ 11:05

ಹಾಸನದಿಂದ ಈಗ ಬಂದೆ. ಸಕಲೇಶಪುರದ ತನಕ ಜಡಿಮಳೆ. ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ.

ಮೊದಲ ಪ್ರಯತ್ನ ಕೆಟ್ಟಿತು. ಅಷ್ಟು ತೊಳೆದರೂ ಮೌಂಟಿಂಗ್ ಬೋಲ್ಟ್ ಹತ್ತಿರ ಟಾರ್ಚ್ ಇಟ್ಟ ತಕ್ಷಣ ‘ಚಟ್ ಚಟ್’ ಅಂತ ಸಿಡಿದು ಕಪ್ಪು ಬುರುಗು ಬಂತು. ನನ್ನ ಎದೆ ಧಸಕ್ಕೆಂದಿತು. ಟಿಗ್‌ಟಾರ್ಚ್ ಏನೂ ಮಾತಾಡದೆ ನಿಲ್ಲಿಸಿ, ಅಷ್ಟನ್ನೂ ಬರ್ ಹಾಕಿ ತೆಗೆದು, ಅಸಿಟೋನ್ ಒರೆಸಿ, ಮತ್ತೆ ಹಾಕಿದರು. ಮತ್ತೆ ಬುರುಗು. ಮತ್ತೆ ತೆಗೆದರು. ಮೂರನೇ ಸಲ ಬೆಳ್ಳಿಯ ಹಾಗೆ ಹೊಳೆಯುವ ಗೆರೆ ಕೂತಿತು. ಬೇಕಂತಲೇ ಮೊದಲೆರಡು ಸಲ ಕರಗಿಸಿ ಕೊಳೆ ಎಬ್ಬಿಸಿ ತೆಗೆಯುವುದಂತೆ, ಹಳೇ ಎರಕಕ್ಕೆ ಅದು ಇದ್ದದ್ದೇ ಅಂದರು. ಮೊದಲೇ ಹೇಳಿದ್ದರೆ ನನ್ನ ಬಿಪಿ ಏರುತ್ತಿರಲಿಲ್ಲ.

ಕೇಸನ್ನು ಸುಮಾರು 150 ಡಿಗ್ರಿಗೆ ಬಿಸಿ ಇಟ್ಟುಕೊಂಡೇ ಕೆಲಸ ಮಾಡಿದರು. ಒಂದೇ ಸಲ ಉದ್ದಕ್ಕೆ ಎಳೆಯಲಿಲ್ಲ. ಒಂದು ಇಂಚು ಇಲ್ಲಿ, ಆಮೇಲೆ ಆ ತುದಿಯಲ್ಲಿ ಒಂದು ಇಂಚು, ನಡುವೆ ಕೈಯಲ್ಲಿ ಮುಟ್ಟದೆ ಗನ್ನಲ್ಲಿ ಬಿಸಿ ನೋಡುವುದು. ಚೂರನ್ನು ನಾಲ್ಕು ಕಡೆ ಚುಕ್ಕಿ ಹಾಕಿ ಕೂರಿಸಿ, ಆಮೇಲೆ ಸುತ್ತ ತುಂಬಿದರು. ಕೊನೆಗೆ ಡ್ರಿಲ್ ತೂತುಗಳನ್ನು ಮುಚ್ಚಿದರು. ಫ್ಯಾನ್ ಆಫ್, ಬಾಗಿಲು ಅರ್ಧ ಮುಚ್ಚಿ. ಗಾಳಿ ಬೀಸಿದರೆ ಆರ್ಗಾನ್ ಹಾರಿಹೋಗುತ್ತದಂತೆ.

ಆರಿಸಲು ಒಣ ಬೂದಿ ತುಂಬಿದ ಡ್ರಮ್. ಬತ್ತದ ಹೊಟ್ಟಿನ ಬೂದಿ, ಹಳೇಲೇತ್ ಅವರು ಗೋಣಿಚೀಲದಲ್ಲಿ ಹೊತ್ತು ತಂದಿದ್ದರು. ಅದರೊಳಗೆ ಹೂತಿಟ್ಟು ಊಟಕ್ಕೆ ಹೋದೆವು. ನಾಲ್ಕು ಗಂಟೆ ಬಿಟ್ಟು ತೆಗೆದಾಗಲೂ ಉಗುರು ಬೆಚ್ಚಗಿತ್ತು.

ಹಳೇಲೇತ್_ಹಾಸನ
ಜೂನ್ 20, ಬೆಳಗ್ಗೆ 6:50

ಅಳತೆ ಬರೆಯಲು ಮರೆತಿರಿ, ನಾನು ಬರೆಯುತ್ತೇನೆ. ಜೋಡುವ ಮುಖವನ್ನು ದಪ್ಪ ಗಾಜಿನ ಮೇಲೆ ಇಟ್ಟು ನೋಡಿದೆ. 0.05 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ತಗಡು) ಹಿಂದಿನ ಮೂಲೆಯಲ್ಲಿ ಮಾತ್ರ ಹೋಯಿತು. ಗಾಜಿಗೆ ನುಣ್ಣನೆಯ ಎಮರಿ ಅಂಟಿಸಿ ಎಂಟರ ಆಕಾರದಲ್ಲಿ ಕೈಯಲ್ಲೇ ತಿಕ್ಕಿದೆ, ಸರಿಹೋಯಿತು. ಜಾಸ್ತಿ ತಿಕ್ಕಬಾರದು, ಕ್ರ್ಯಾಂಕಿನ ಪಕ್ಕದ ಆಟ ಕಡಿಮೆಯಾಗುತ್ತದೆ. ಮೇನ್ ಬೇರಿಂಗ್ ಬೋರ್ ಎರಡು ದಿಕ್ಕಲ್ಲಿ ಅಳೆದೆ, ಅಳತೆ ಮೀಟರಿನ ಸೂಜಿ ಒಂದು ಗೆರೆ ಕೂಡ ಅಲುಗಲಿಲ್ಲ. ಗೇರ್‌ಬಾಕ್ಸ್ ಬೇರಿಂಗ್ ಬೋರ್ 0.02 ಮಿ.ಮೀ. ಮೊಟ್ಟೆ ಆಗಿದೆ. ಸ್ವಲ್ಪ ಬೇರಿಂಗ್ ಅಂಟು ಹಾಕಿ ಕೂರಿಸಿದರೆ ಸಾಕು.

ಹುಡುಗನ ಕೈ ಚೆನ್ನಾಗಿದೆ. ಮಾತು ಕಡಿಮೆ, ಅದೂ ಒಳ್ಳೆಯದೇ.

ಗ್ಯಾಸ್‌ಬೆಸುಗೆ_ಅರಸೀಕೆರೆ
ಜೂನ್ 20, ಬೆಳಗ್ಗೆ 9:30

ಜೋಡಿಸುವ ಮುಂಚೆ ಒಂದು ರಾತ್ರಿ ಸೀಮೆಎಣ್ಣೆ ತುಂಬಿ ಇಡಿ. ಎಣ್ಣೆ ನಿಲ್ಲುತ್ತೆ ಅಂತ ಸೀಮೆಎಣ್ಣೆ ನಿಲ್ಲಲ್ಲ. ಅದು ನಿಂತರೆ ಎಲ್ಲ ನಿಂತ ಹಾಗೆ.

ಯೆಜ್ದಿ84_ಮೂಡಿಗೆರೆ
ಜೂನ್ 21, ಬೆಳಗ್ಗೆ 7:10

ತುಂಬಿ ಇಟ್ಟೆ. ಹೊರಗೆ ಸೀಮೆಸುಣ್ಣ ಹಚ್ಚಿದ್ದೆ. ಬೆಳಗ್ಗೆ ನೋಡಿದರೆ ಇಡೀ ಬೆಸುಗೆ ಒಣ, ಮೌಂಟಿಂಗ್ ಬೋಲ್ಟ್ ಹತ್ತಿರ ಮಾತ್ರ ಸಾಸಿವೆ ಕಾಳಿನಷ್ಟು ಒಂದು ಕಲೆ. ಮತ್ತೆ ಹಾಸನಕ್ಕೆ ಹೋಗಬೇಕಾ?

ಟಿಗ್‌ಟಾರ್ಚ್
ಜೂನ್ 21, ಬೆಳಗ್ಗೆ 8:00

ಒಂದು ಸೂಜಿ ತೂತಿಗೆ ಮತ್ತೆ ಟಾರ್ಚ್ ಹಚ್ಚಿದರೆ ಪಕ್ಕದಲ್ಲಿ ಎರಡು ಏಳುತ್ತವೆ. ಬಲಕ್ಕೆ ತೊಂದರೆ ಇಲ್ಲ, ಬರೀ ಒಸರು. ಆ ಜಾಗ ಅಸಿಟೋನಲ್ಲಿ ಒರೆಸಿ, ಸ್ವಲ್ಪ ಬೆಚ್ಚಗೆ ಮಾಡಿ. ಕೈಗೆ ತಡೆಯುವಷ್ಟು ಆರಿದ ಮೇಲೆ ಲಾಕ್‌ಟೈಟ್ 290 ಅಂಟು ಒಂದು ಹನಿ ಬಿಡಿ. ನೀರಿನಷ್ಟು ತೆಳು, ತಾನೇ ಒಳಗೆ ಹೀರಿಕೊಂಡು ಗಟ್ಟಿಯಾಗುತ್ತದೆ. 150 ಡಿಗ್ರಿ ತನಕ ತಡೆಯುತ್ತದೆ, ಗೇರ್‌ಬಾಕ್ಸಿಗೆ ಧಾರಾಳ ಆಯಿತು.

ಕಳಸದಕಾಫಿ
ಜೂನ್ 21, ಬೆಳಗ್ಗೆ 8:04

ಕೊನೆಗೂ ಅಂಟೇ ಬಂತಲ್ಲ! ನಾನು ಮೊದಲ ದಿನವೇ ಹೇಳಿರಲಿಲ್ವಾ.

ಟಿಗ್‌ಟಾರ್ಚ್
ಜೂನ್ 21, ಬೆಳಗ್ಗೆ 8:09

ಒಪ್ಪಿದೆ ಸಾರ್. ಒಂದು ಹನಿ ನಿಮ್ಮ ಲೆಕ್ಕಕ್ಕೆ.

ಯೆಜ್ದಿ84_ಮೂಡಿಗೆರೆ
ಜುಲೈ 6, ರಾತ್ರಿ 8:30

ಗಾಡಿ ಓಡುತ್ತಿದೆ. ಹೊಸ ಬೇರಿಂಗ್, ಹೊಸ ಸೀಲ್, ಹೊಸ ಚೈನ್, ಹೊಸ ಸ್ಪ್ರಾಕೆಟ್. ಮೂರನೇ ಒದೆತಕ್ಕೆ ಸ್ಟಾರ್ಟ್. ಇವತ್ತು ಮೂಡಿಗೆರೆಯಿಂದ ಆಲ್ದೂರು ದಾರಿಯಲ್ಲಿ ಚಿಕ್ಕಮಗಳೂರು, ಅಲ್ಲಿಂದ ಬೇಲೂರು ಸುತ್ತಿ ಬಂದೆ. ಸೀಮೆಸುಣ್ಣ ಇನ್ನೂ ಹಚ್ಚಿಕೊಂಡೇ ಓಡಿಸಿದೆ, ಬೆಸುಗೆ ಒಣ. ಐಡ್ಲಿಂಗ್ ಸ್ಥಿರ, ಕಳ್ಳಗಾಳಿ ಇಲ್ಲ. ಸ್ಪಾರ್ಕ್ ಪ್ಲಗ್ ತೆಗೆದು ನೋಡಿದೆ, ಕಂದು ಬಣ್ಣ.

ಖರ್ಚು ಕೇಳಿದವರಿಗೆ: ವೆಲ್ಡಿಂಗ್ 1,800 ರೂಪಾಯಿ. ಬೇರಿಂಗ್ ಮತ್ತು ಬಿಡಿಭಾಗ ಅದರ ಮೂರರಷ್ಟು. ಪೆಟ್ರೋಲ್ ಲೆಕ್ಕ ಇಟ್ಟಿಲ್ಲ. ನಂಬರ್ ಅದೇ, ಆರ್‌ಸಿ ಅದೇ.

ಹಳೇಲೇತ್_ಹಾಸನ
ಜುಲೈ 6, ರಾತ್ರಿ 8:52

ಸಂತೋಷ. ಆದರೆ ಜೂನ್ 8ರಂದು ಒಂದು ಪ್ರಶ್ನೆ ಕೇಳಿದ್ದೆ. ಇನ್ನೂ ಉತ್ತರ ಬಂದಿಲ್ಲ.

ಯೆಜ್ದಿ84_ಮೂಡಿಗೆರೆ
ಜುಲೈ 6, ರಾತ್ರಿ 9:15

ಉತ್ತರ ಗೊತ್ತಿತ್ತು, ಹೇಳಲು ನಾಚಿಕೆಯಾಗಿ ಬಿಟ್ಟಿದ್ದೆ. ಏಪ್ರಿಲಲ್ಲಿ ಚೈನ್ ತೆಗೆದು ತೊಳೆದು ನಾನೇ ಹಾಕಿದ್ದೆ. ತುಂಡಾದ ಚೈನಿನಲ್ಲಿ ಉಳಿದ ಲಿಂಕುಗಳೆಲ್ಲ ಗಟ್ಟಿಯಾಗೇ ಇದ್ದವು. ಜೋಡಣೆ ಲಿಂಕಿನ ಕ್ಲಿಪ್ ಮಾತ್ರ ಇರಲಿಲ್ಲ. ಚೈನ್ ಕವರ್ ಒಳಗೆ ಮೂಲೆಯಲ್ಲಿ ಬಾಗಿ ಬಿದ್ದಿತ್ತು. ತಿರುಗಿಸಿ ಹಾಕಿದ್ದೆ ಅಂತ ಕಾಣುತ್ತದೆ. ಬಾಯಿ ತೆರೆದ ತುದಿ ಮುಂದಕ್ಕಿದ್ದರೆ ಏನಾದರೂ ತಾಗಿ ಎಗರುತ್ತದೆ ಅಂತ ಆಮೇಲೆ ಗೊತ್ತಾಯಿತು. ಅಪ್ಪನಿಗೆ ಇನ್ನೂ ಹೇಳಿಲ್ಲ.

ಹಳೇಲೇತ್_ಹಾಸನ
ಜುಲೈ 6, ರಾತ್ರಿ 9:20

ನನ್ನ ಅನುಮಾನವೂ ಅದೇ ಇತ್ತು. ಹೊಸ ಚೈನಿನ ಕ್ಲಿಪ್ ಯಾವ ಕಡೆ ಮುಖ ಮಾಡಿದೆ?

ಯೆಜ್ದಿ84_ಮೂಡಿಗೆರೆ
ಜುಲೈ 6, ರಾತ್ರಿ 9:41

ಕೊಡೆ ಹಿಡಿದು ಶೆಡ್ಡಿಗೆ ಹೋಗಿ, ಕವರ್ ಬಿಚ್ಚಿ, ಟಾರ್ಚ್ ಹಾಕಿ ನೋಡಿ ಬಂದೆ. ಮುಚ್ಚಿದ ತುದಿ ಮುಂದಕ್ಕೇ ಇದೆ.